ಹಳೆಯ ಟ್ರ್ಯಾಕ್ಟರಿನ ಎಣ್ಣೆಯ ವಿಚಾರ

ಹುಬ್ಬಳ್ಳಿಯಿಂದ ನವಲಗುಂದದ ಕಡೆಗೋ ಕುಂದಗೋಳದ ಕಡೆಗೋ ಹೋಗುವ ಹಾದಿಯಲ್ಲಿ, ಸುಗ್ಗಿಯ ಕಾಲದಲ್ಲಿ, ಕಡಲೆಯ ಹೊಟ್ಟನ್ನೋ ಹತ್ತಿಯ ಅಂಡಿಗೆಗಳನ್ನೋ ಹೇರಿಕೊಂಡು ಸಾಲುಗೊಂಡು ಬರುವ ಹೊಚ್ಚಹೊಸ ಟ್ರ್ಯಾಕ್ಟರುಗಳ ನಡುವೆ, ಬಣ್ಣ ಮಾಸಿ, ಬಾನೆಟ್ಟಿನ ಮೇಲಣ ಹೆಸರಿನ ಅಕ್ಷರಗಳು ಅರ್ಧ ಉದುರಿ, ಆದರೂ ಎಂಜಿನ್ನಿನ ಸದ್ದಿನಲ್ಲಿ ಮಾತ್ರ ಒಂದು ಬಗೆಯ ಗಾಂಭೀರ್ಯವನ್ನು ಬಿಡದೆ ಬರುವ ಮುದಿ ಟ್ರ್ಯಾಕ್ಟರೊಂದು ಈಗಲೂ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತದೆ. ನೇಗಿಲ ಕೆಲಸದಿಂದ ಅದಕ್ಕೆ ಬಹುಮಟ್ಟಿಗೆ ನಿವೃತ್ತಿ ದೊರೆತಿರುತ್ತದೆ. ನೀರಿನ ಟ್ಯಾಂಕರನ್ನು ಎಳೆಯುವುದು, ರಾಶಿ ಮಾಡುವ ಯಂತ್ರಕ್ಕೆ ಬೆಲ್ಟು ಕೊಡುವುದು, ಬೇಸಗೆಯಲ್ಲಿ ಹೊಲಕ್ಕೆ ಗೊಬ್ಬರ ಹೇರುವುದು, ಇಂಥ ಕೆಲಸಗಳಲ್ಲಿ ಅದರ ಶೇಷಾಯುಷ್ಯ ಸವೆಯುತ್ತಿರುತ್ತದೆ. ಖಂಡೇ ಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ, ವಿಭೂತಿ, ತೆಂಗಿನಕಾಯಿ ಎಲ್ಲವೂ ಸಲ್ಲುತ್ತವೆ. ಅದರ ಚೇಂಬರಿನಲ್ಲಿ ಎಂಥ ಎಣ್ಣೆಯಿದೆ, ಎಷ್ಟು ದಿನದಿಂದ ಇದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಈ ಯಂತ್ರಗಳ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳುವುದು ಅಪ್ರಸ್ತುತವಾಗಲಾರದು. 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಸ್ವದೇಶದಲ್ಲಿ ಕಟ್ಟಿದ ಮೊದಲ ಟ್ರ್ಯಾಕ್ಟರು ಹೊರಬಂದಿತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಸಂಸ್ಥೆ ಸ್ಥಾಪಿತವಾಗಿ ಮ್ಯಾಸಿ ಫರ್ಗ್ಯುಸನ್ನಿಗೆ ಇಲ್ಲಿ ನೆಲೆ ದೊರೆಯಿತು. 1963ರಲ್ಲಿ ಮಹೀಂದ್ರರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯೊಡನೆ ಕೈಜೋಡಿಸಿದುದರ ಫಲವಾಗಿ ಬಿ-275 ಎಂಬ ಮಾದರಿ ನಮ್ಮ ಹೊಲಗಳಿಗೆ ಇಳಿಯಿತು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ ಸಂಸ್ಥೆಯು 1971ರಲ್ಲಿ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯದ ಜೆಟರ್ ಮಾದರಿಯ ಟ್ರ್ಯಾಕ್ಟರುಗಳನ್ನು ಮಾಡತೊಡಗಿತು. ಧಾರವಾಡದ ಸುತ್ತಣ ಎರೆಭೂಮಿಯಲ್ಲಿ ಇವುಗಳಿಗೆ ಸ್ವಾಗತ ದೊರೆತುದಕ್ಕೆ ವಿಶೇಷ ಕಾರಣವಿತ್ತು. ಕರಿಕೆಯೆಂಬ ಹುಲ್ಲು ಎರೆನೆಲದಲ್ಲಿ ಒಮ್ಮೆ ಬೇರೂರಿತೆಂದರೆ ನಾಲ್ಕಾರು ಜೋಡಿ ಎತ್ತುಗಳನ್ನು ಕಟ್ಟಿ ದೊಡ್ಡ ನೇಗಿಲು ಹೊಡೆದರೂ ಸಂಪೂರ್ಣವಾಗಿ ನಿರ್ಮೂಲವಾಗುತ್ತಿರಲಿಲ್ಲ. ಸವದತ್ತಿಯ ಸಮೀಪದ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲನ್ನು ರೈತರ ಕೈಗೆ ಕೊಟ್ಟರೂ ಎಳೆಯುವ ಬಲ ಎತ್ತಿನದೇ ಆಗಿತ್ತು. ಆ ಬಲವನ್ನು ಟ್ರ್ಯಾಕ್ಟರು ತಂದಿತು. ಆದರೆ ಆಳವಾದ ಎರೆಯನ್ನು ಸೀಳುವ ಎಂಜಿನ್ನು ಕಡಿಮೆ ವೇಗದಲ್ಲಿ ಅಧಿಕ ಭಾರವನ್ನು ತಾಸುಗಟ್ಟಲೆ ಹೊರಬೇಕಾಗುತ್ತದೆ, ಅಂಥ ದುಡಿಮೆಯಲ್ಲಿ ಬೇರಿಂಗುಗಳ ಮೇಲೆ ಒತ್ತಡವೂ ಎಣ್ಣೆಯ ತಾಪವೂ ಏರುತ್ತವೆ ಎಂಬುದನ್ನು ಮುಂದಿನ ವಿಚಾರಕ್ಕಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜುಗಳ ಎದುರಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಸಂಭಾಷಣೆ ಅಕ್ಷರಶಃ ಅಲ್ಲದಿದ್ದರೂ ಭಾವಶಃ ಕಿವಿಗೆ ಬೀಳದೆ ಇರದು:

"ಯಾಕ್ರೀ ಕಾಕಾ, ಎಂಜಿನ್ ಭಾಳ ಹೊಗಿ ಉಗಳಾಕತ್ತೈತಲ್ಲ?"

"ಹೌದೋ ತಮ್ಮಾ, ಆಯಿಲೂ ಕುಡಿಯಾಕತ್ತೈತಿ. ಏನ್ ಮಾಡೂದು ಹೇಳು."

"ಹಂಗಾರ ನಲವತ್ತು ನಂಬರ್ ಬ್ಯಾಡ್ರಿ. ಅದರಾಗ ಅರ್ಧ ತೊಂಬತ್ತು ನಂಬರ್ ಕೂಡಿಸಿ ಹಾಕೋಣು. ಹೊಗಿ ನಿಂತ್ ಬಿಡತೈತಿ."

ಕಾಕಾ ಒಪ್ಪುತ್ತಾನೆ, ಏಕೆಂದರೆ ಎಂಜಿನ್ನು ಬಿಚ್ಚಿ ಬೋರು ಮಾಡಿಸುವ ಖರ್ಚಿಗಿಂತ ದಪ್ಪ ಎಣ್ಣೆಯ ಖರ್ಚು ಅತ್ಯಲ್ಪ. ಹೊಗೆಯೂ ಕೆಲವು ದಿನ ಕಡಿಮೆಯಾದಂತೆ ಕಾಣುತ್ತದೆ. ಮಿಸ್ತ್ರಿಯ ಮಾತು ಸುಳ್ಳೆಂದು ಹೇಳುವಂತಿಲ್ಲ. ಆದರೆ ಅದು ಸವೆತವನ್ನು ಮರೆಮಾಚುವ ಉಪಾಯವೇ ಹೊರತು ಸವೆತವನ್ನು ತಡೆಯುವ ಉಪಾಯವಲ್ಲವೆಂಬುದನ್ನು ತೋರಿಸಬೇಕಾದರೆ, ಆ ನಲವತ್ತು, ತೊಂಬತ್ತು ಎಂಬ ಅಂಕೆಗಳ ಅರ್ಥವೇನೆಂಬುದನ್ನು ಕೊಂಚ ಸಾವಕಾಶವಾಗಿ ಪರಿಶೀಲಿಸಬೇಕು.

ಕ್ರ್ಯಾಂಕು ತಿರುಗುವಾಗ ಅದರ ಉಕ್ಕಿಗೂ ಬೇರಿಂಗಿನ ಮೃದುಲೋಹಕ್ಕೂ ನಡುವೆ ಒಂದು ಮಿಲಿಮೀಟರಿನ ಹತ್ತನೆಯ ಒಂದಂಶಕ್ಕಿಂತಲೂ ಕಿರಿದಾದ ಸಂದು ಇರುತ್ತದೆ. ಆ ಸಂದಿನಲ್ಲಿ ಎಣ್ಣೆಯ ಪೊರೆಯೊಂದು ನಿಂತು, ಲೋಹವು ಲೋಹವನ್ನು ಮುಟ್ಟದಂತೆ ಕಾಯುತ್ತದೆ. ಪೊರೆ ತೀರ ತೆಳುವಾದರೆ ಹರಿದುಹೋಗುತ್ತದೆ. ಎಣ್ಣೆ ತೀರ ಗಟ್ಟಿಯಾದರೆ ಆ ಸಂದಿಗೆ ಬೇಕಾದ ವೇಗದಲ್ಲಿ ಹರಿದೇ ಬರುವುದಿಲ್ಲ. ಎಣ್ಣೆಯ ಈ ಗಟ್ಟಿತನವನ್ನೇ ಶಾಸ್ತ್ರದಲ್ಲಿ ಸ್ನಿಗ್ಧತೆಯೆನ್ನುತ್ತಾರೆ. ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಘವು ಸ್ನಿಗ್ಧತೆಯನ್ನು ಅಳೆದು ಅಂಕೆ ಕೊಡುವ ಪದ್ಧತಿಯನ್ನು ರೂಢಿಗೆ ತಂದಿತು: 100 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 9.3ರಿಂದ 12.5 ಸೆಂಟಿಸ್ಟೋಕಿನವರೆಗಿನ ಎಣ್ಣೆಗೆ 30, ಅಲ್ಲಿಂದ 16.3ರವರೆಗೆ 40, ಅದರಾಚೆ 21.9ರವರೆಗೆ 50. ಮಿಸ್ತ್ರಿ ಹೇಳಿದ ತೊಂಬತ್ತು ನಂಬರು ಗೇರು ಎಣ್ಣೆಯದು, ಅದರ ಅಂಕೆಗಳು ಸಂಪೂರ್ಣವಾಗಿ ಬೇರೊಂದು ಕೋಷ್ಟಕಕ್ಕೆ ಸೇರಿದವು. ಅಲ್ಲಿಯ 90 ಆರಂಭವಾಗುವುದೇ 13.5 ಸೆಂಟಿಸ್ಟೋಕಿನಿಂದ. ಎಂದರೆ ತೊಂಬತ್ತು ನಂಬರಿನ ಎಣ್ಣೆಯು ನಲವತ್ತು ನಂಬರಿನದಕ್ಕಿಂತ ಇಮ್ಮಡಿ ದಪ್ಪವೆಂದು ಭಾವಿಸಿ ಬೆರೆಸುವವರು, ಕೆಲವು ಸಂದರ್ಭಗಳಲ್ಲಿ ಹೆಚ್ಚುಕಡಿಮೆ ಅದೇ ಸ್ನಿಗ್ಧತೆಯ ಎಣ್ಣೆಯನ್ನೇ ಸುರಿಯುತ್ತಿರುತ್ತಾರೆ. ಲಾಭವಾಗುವುದು ಸಂದೇಹ, ನಷ್ಟವಂತೂ ನಿಶ್ಚಿತ. ಹಲ್ಲುಗಾಲಿಗಳ ಒತ್ತಡವನ್ನು ತಡೆಯಲು ಗೇರು ಎಣ್ಣೆಗೆ ಸೇರಿಸುವ ಗಂಧಕದ ಸಂಯುಕ್ತಗಳು ಎಂಜಿನ್ನಿನ ತಾಪಕ್ಕೂ ಅದರ ಕಂಚಿನ ಬುಷ್‌ಗಳಿಗೂ ಹಿತವಾದವುಗಳಲ್ಲ. ಮಸಿಯನ್ನು ತೊಳೆಯುವ ಗುಣವೂ ಅದರಲ್ಲಿಲ್ಲ.

ಇನ್ನು 15ಡಬ್ಲ್ಯೂ-40, 20ಡಬ್ಲ್ಯೂ-40 ಎಂದು ಡಬ್ಬಿಯ ಮೇಲೆ ಎರಡು ಅಂಕೆಗಳುಳ್ಳ ಎಣ್ಣೆಗಳು. ಮೊದಲಂಕೆ ಚಳಿಗೆ ಸಂಬಂಧಿಸಿದುದು: 15ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯೂ ಎಣ್ಣೆಯನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಪುಷ್ಯಮಾಸದ ನಸುಕಿನಲ್ಲೂ ತಾಪಮಾನವು ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪೂರ್ವವಾಗಿರುವ ನಮ್ಮ ಧಾರವಾಡಕ್ಕೆ ಈ ಹಿಮದ ಪರೀಕ್ಷೆಯಿಂದ ಆಗಬೇಕಾದುದೇನು ಎಂದು ಕೇಳಬಹುದು. ಆದರೂ ಆಗುವುದುಂಟು. ಕಾದಾಗ ಎರಡೂ ಎಣ್ಣೆಗಳು ಹಳೆಯ ನಲವತ್ತು ನಂಬರಿನ ಎಣ್ಣೆಯಷ್ಟೇ ಗಟ್ಟಿಯಾಗಿರುತ್ತವೆ. ಆದರೆ ಬೆಳಗಿನ ಹೊತ್ತು, ರಾತ್ರಿಯೆಲ್ಲ ನಿಂತಿದ್ದ ಎಂಜಿನ್ನಿನಲ್ಲಿ, ಅವು ಏಕಾಂಕದ ಎಣ್ಣೆಗಿಂತ ಹಗುರವಾಗಿದ್ದು ಪಂಪಿನಿಂದ ಮೇಲೇರಿ ರಾಕರಿನ ತನಕ ಬೇಗ ತಲುಪುತ್ತವೆ. ಎಂಜಿನ್ನಿನ ಸವೆತದಲ್ಲಿ ಗಣನೀಯ ಪಾಲು ಈ ಆರಂಭದ ಕ್ಷಣಗಳಲ್ಲೇ ಸಂಭವಿಸುವುದರಿಂದ ಆ ಶೀಘ್ರಗತಿ ಉಪೇಕ್ಷೆ ಮಾಡತಕ್ಕುದಲ್ಲ. ತೀರ ಗಟ್ಟಿಯಾದ ಎಣ್ಣೆ ತಣ್ಣಗಿರುವಾಗ ಮತ್ತೊಂದು ಅನರ್ಥವೂ ಉಂಟು: ಅದು ಫಿಲ್ಟರಿನ ಮೂಲಕ ತೂರಲಾರದೆ ಒತ್ತಡ ಏರಿದಾಗ ಬೈಪಾಸ್ ವಾಲ್ವು ತೆರೆದುಕೊಂಡು, ಸೋಸದ ಎಣ್ಣೆಯೇ ನೇರವಾಗಿ ಬೇರಿಂಗುಗಳಿಗೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಡ್ಯಾಶಿನ ಮೇಲಣ ಪ್ರೆಶರ್ ಮೀಟರಿನ ಮುಳ್ಳು ಎತ್ತರದಲ್ಲಿ ನಿಂತು ಮಾಲಕನಿಗೆ ಸಮಾಧಾನ ನೀಡುತ್ತಿರುತ್ತದೆ. ಮುಳ್ಳು ತೋರಿಸುವುದು ಹರಿವಿಗೆ ಆಗುವ ಪ್ರತಿರೋಧವನ್ನು. ಹರಿದ ಎಣ್ಣೆಯ ಪ್ರಮಾಣವನ್ನು ಅದು ತೋರಿಸಲಾರದು.

ಐಷರಿನ ಹಳೆಯ ಗಾಳಿಯಿಂದ ತಣಿಯುವ ಎಂಜಿನ್ನುಗಳಿಗೆ ಸಂಬಂಧಿಸಿ ಇಲ್ಲಿ ಒಂದು ಅಪವಾದವನ್ನು ಹೇಳಬೇಕು. ನೀರಿನ ರೇಡಿಯೇಟರಿಲ್ಲದ ಆ ಯಂತ್ರದಲ್ಲಿ ಸಿಲಿಂಡರಿನ ತಾಪವನ್ನು ಹೊರುವ ಭಾರದಲ್ಲಿ ಎಣ್ಣೆಯ ಪಾಲು ಹೆಚ್ಚು; ವೈಶಾಖದ ಮೂವತ್ತೇಳು ಮೂವತ್ತೆಂಟು ಡಿಗ್ರಿಯ ಬಿಸಿಲಿನಲ್ಲಿ, ರೆಕ್ಕೆಗಳ ನಡುವೆ ಹೊಟ್ಟು ಧೂಳು ತುಂಬಿಕೊಂಡಿದ್ದರೆ ಇನ್ನೂ ಹೆಚ್ಚು. ಅದಕ್ಕೆ ನಲವತ್ತಕ್ಕಿಂತ ತೆಳುವಾದುದನ್ನು ಹಾಕುವುದು ಅವಿವೇಕ. ಆದರೆ ಎಣ್ಣೆ ಬದಲಿಸುವ ಮುಂಚೆ ಆ ರೆಕ್ಕೆಗಳನ್ನು ಬ್ರಷ್ಷಿನಿಂದ ಉಜ್ಜಿ ಸ್ವಚ್ಛಮಾಡುವುದರಿಂದ ದೊರೆಯುವ ಪ್ರಯೋಜನ ಯಾವ ಡಬ್ಬಿಯಿಂದಲೂ ದೊರೆಯದು.

ಸ್ನಿಗ್ಧತೆಯ ಮಾತು ಮುಗಿಯಿತು. ಇನ್ನು ಎಣ್ಣೆಯ ಗುಣದರ್ಜೆಯ ಮಾತು, ಇದೇ ಹೆಚ್ಚು ರೋಚಕವಾದುದು. 1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಮೊದಲಾದ ಸಂಸ್ಥೆಗಳು ಡೀಸೆಲ್ ಎಂಜಿನ್ನುಗಳನ್ನು ಟ್ರ್ಯಾಕ್ಟರುಗಳಿಗೆ ಅಳವಡಿಸತೊಡಗಿದಾಗ, ಪೆಟ್ರೋಲ್ ಎಂಜಿನ್ನುಗಳಲ್ಲಿ ನಿರ್ವಿಘ್ನವಾಗಿ ನಡೆಯುತ್ತಿದ್ದ ಶುದ್ಧ ಖನಿಜತೈಲವು ಡೀಸೆಲಿನ ತಾಪಕ್ಕೂ ಮಸಿಗೂ ಸಿಕ್ಕಿ ಅಂಟಾಗಿ, ಪಿಸ್ಟನ್ನಿನ ತೋಡುಗಳಲ್ಲಿ ರಿಂಗುಗಳು ಕಚ್ಚಿಕೊಂಡು ನಿಲ್ಲುವ ಉಪದ್ರವ ಕಾಣಿಸಿಕೊಂಡಿತು. ಪರಿಹಾರವಾಗಿ ಕೆಲವು ಲೋಹಗಳ ಸಾಬೂನಿನಂಥ ಸಂಯುಕ್ತಗಳನ್ನು ಎಣ್ಣೆಗೆ ಬೆರೆಸಿದರು, ಇವೇ ಮಾರ್ಜಕಗಳು. ಮುಂದೆ, ತೊಳೆದ ಮಸಿ ಮತ್ತೆ ಒಂದೆಡೆ ಕೂಡದಂತೆ ಎಣ್ಣೆಯಲ್ಲೇ ತೇಲಿಸಿಡುವ ದ್ರವ್ಯಗಳೂ ಸೇರಿದವು. ಎಣ್ಣೆ ಹಾಕಿದ ಕೆಲವೇ ತಾಸುಗಳಲ್ಲಿ ಕರ್ರಗಾಯಿತೆಂದು ಅಂಗಡಿಯವನ ಮೇಲೆ ಸಿಟ್ಟಾಗುವವರು ಇದನ್ನು ತಿಳಿಯಬೇಕು. ಅರಿವೆ ಒಗೆದ ನೀರು ಕಪ್ಪಾಯಿತೆಂದು ಸಾಬೂನನ್ನು ನಿಂದಿಸುವವರು ಯಾರೂ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಬಹುಕಾಲ ಹೊನ್ನಬಣ್ಣದಲ್ಲೇ ಉಳಿಯುವ ಎಣ್ಣೆಯನ್ನು ಕಂಡರೆ ನಾನಾದರೋ ಸಂಶಯಪಡುವವನು.

ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯು ಡೀಸೆಲ್ ಎಂಜಿನ್ನಿನ ಎಣ್ಣೆಗಳಿಗೆ ಸಿ ಅಕ್ಷರದಿಂದ ಆರಂಭವಾಗುವ ದರ್ಜೆಗಳನ್ನು ಕೊಟ್ಟಿದೆ. ಹಳೆಯ ಟ್ರ್ಯಾಕ್ಟರಿನ ಕೈಪಿಡಿಯನ್ನು, ಅದೃಷ್ಟವಶಾತ್ ಅದು ಗೆದ್ದಲಿಗೆ ಆಹಾರವಾಗದೆ ಉಳಿದಿದ್ದರೆ, ತೆರೆದು ನೋಡಿದಾಗ ಸಿಸಿ ಅಥವಾ ಸಿಡಿ ಎಂದೋ, ಬರಿದೇ ಎಚ್‌ಡಿ ಎಂದೋ ಬರೆದಿರುವುದು ಕಾಣಬಹುದು. ಇಂದು ಅಂಗಡಿಯಲ್ಲಿ ದೊರೆಯುವವು ಸಿಎಫ್-4, 1998ರ ಸಿಎಚ್-4, 2002ರ ಸಿಐ-4, ಅವುಗಳಿಗಿಂತಲೂ ಈಚಿನವು. ಹಳೆಯ ಎಂಜಿನ್ನಿಗೆ ಹಳೆಯ ದರ್ಜೆಯ ಎಣ್ಣೆಯೇ ಸರಿಯೆಂಬ ಭಾವನೆ ಸ್ವಾಭಾವಿಕವಾದರೂ ಯುಕ್ತಿಗೆ ನಿಲ್ಲುವುದಿಲ್ಲ. ಕೈಪಿಡಿ ಬರೆದವರು ಆ ದಿನಗಳಲ್ಲಿ ಲಭ್ಯವಿದ್ದುದರಲ್ಲಿ ಉತ್ತಮವಾದುದನ್ನು ಸೂಚಿಸಿದರೇ ವಿನಾ ಮುಂದೆ ಬರುವ ಉತ್ತಮತರವಾದುದನ್ನು ನಿಷೇಧಿಸಲಿಲ್ಲ.

ಆ ಕಾಲದ ಡೀಸೆಲ್ಲೇ ಬೇರೆ. ಕೈಪಿಡಿಗಳು ಅಚ್ಚಾದ ದಶಕಗಳಲ್ಲಿ ನಮ್ಮ ದೇಶದ ಡೀಸೆಲಿನಲ್ಲಿ ಶೇಕಡಾ 1ರಷ್ಟು, ಎಂದರೆ ಹತ್ತು ಲಕ್ಷದಲ್ಲಿ 10,000 ಭಾಗ, ಗಂಧಕವಿರಲು ಅವಕಾಶವಿತ್ತು. ಆ ಗಂಧಕವು ಉರಿದು, ಉರಿಯುವಾಗ ಹುಟ್ಟುವ ನೀರಾವಿಯೊಡನೆ ಕೂಡಿ ಗಂಧಕಾಮ್ಲವಾಗಿ, ಲೈನರಿನ ಗೋಡೆಯನ್ನೂ ರಿಂಗುಗಳನ್ನೂ ತಿನ್ನುತ್ತಿತ್ತು. ಆ ಆಮ್ಲವನ್ನು ಶಮನಗೊಳಿಸುವುದಕ್ಕಾಗಿಯೇ ಎಣ್ಣೆಯಲ್ಲಿ ಕ್ಷಾರದ ಸಂಚಯವನ್ನು ಇರಿಸಬೇಕಾಗಿತ್ತು, ಆ ಸಂಚಯ ಬರಿದಾಗುವುದರೊಳಗೆ ಎಣ್ಣೆ ಬದಲಿಸಬೇಕಾಗಿತ್ತು. 2020ರ ಏಪ್ರಿಲಿನಿಂದ ಬಿಎಸ್-6 ನಿಯಮದಂತೆ ದೇಶದಾದ್ಯಂತ ಮಾರುವ ಡೀಸೆಲಿನಲ್ಲಿ ಗಂಧಕವು ಹತ್ತು ಲಕ್ಷದಲ್ಲಿ 10 ಭಾಗವನ್ನು ಮೀರುವಂತಿಲ್ಲ. ಸಾವಿರದಲ್ಲೊಂದು ಪಾಲಾಯಿತು! ಅಮರಗೋಳದ ಬಳಿಯ ಬಂಕಿನಲ್ಲಿ ಡೀಸೆಲ್ ತುಂಬಿಸಿಕೊಳ್ಳುವ ಅರುವತ್ತರ ದಶಕದ ಬಿ-275, ತನ್ನ ಯೌವನದಲ್ಲಿ ಕನಸಿನಲ್ಲಿಯೂ ಕಾಣದಷ್ಟು ನಿರ್ಮಲವಾದ ಇಂಧನವನ್ನು ತನ್ನ ವಾರ್ಧಕ್ಯದಲ್ಲಿ ಸೇವಿಸುತ್ತಿದೆ. ಆದುದರಿಂದ ಸಿಎಚ್-4 ಅಥವಾ ಸಿಐ-4 ದರ್ಜೆಯ ಸಾಧಾರಣ ಖನಿಜತೈಲದ 15ಡಬ್ಲ್ಯೂ-40, ಇಲ್ಲವೆ ಸಿಎಫ್-4 ದರ್ಜೆಯ 20ಡಬ್ಲ್ಯೂ-40, ಇವುಗಳಲ್ಲಿ ಯಾವುದಾದರೊಂದು ನಮ್ಮ ಭಾಗದ ಹಳೆಯ ಟ್ರ್ಯಾಕ್ಟರಿಗೆ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. ಕೃತಕತೈಲಗಳಿಗೆ ತೆರುವ ಹಣವನ್ನು ಫಿಲ್ಟರಿಗೆ ತೆರುವುದು ಲೇಸು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ದಶಕಗಳ ಕಾಲ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದು, ಅಥವಾ ಅಗ್ಗದ ಬಿಡಿ ಎಣ್ಣೆಯ ಮೇಲೆಯೇ ಬದುಕಿ ಬಂದ ಎಂಜಿನ್ನಿಗೆ ಒಮ್ಮೆಲೇ ಬಲವಾದ ಮಾರ್ಜಕವುಳ್ಳ ಎಣ್ಣೆಯನ್ನು ಹಾಕಿದರೆ, ಒಳಗೆ ಕಟ್ಟಿಕೊಂಡಿದ್ದ ರಾಡಿಯು ಸಡಿಲಗೊಂಡು ಪಂಪಿನ ಜಾಲರಿಯನ್ನು ಮುಚ್ಚಿ, ಎಣ್ಣೆಯಿದ್ದೂ ಎಣ್ಣೆಯಿಲ್ಲದಂತಾಗಿ ಬೇರಿಂಗು ಸುಟ್ಟುಹೋಗಬಹುದು. ಅಂಥ ಎಂಜಿನ್ನಿನ ಚೇಂಬರನ್ನು ಮೊದಲು ಇಳಿಸಬೇಕು. ಬೋಲ್ಟುಗಳನ್ನೆಲ್ಲ ಕಳಚಿ, ಹಳೆಯ ಪ್ಯಾಕಿಂಗು ಬಿಟ್ಟುಕೊಡುವಂತೆ ಮರದ ಸುತ್ತಿಗೆಯಿಂದ ಅಂಚಿಗೆ ತಟ್ಟಿದಾಗ, ಚೇಂಬರು ಕೆಳಗಿಳಿಯುತ್ತದೆ. ಅದರ ತಳದಲ್ಲಿ ಬೆರಳನ್ನು ಊರಿದರೆ ಬೆರಳಿನ ಗುರುತು ಹಾಗೆಯೇ ನಿಲ್ಲುವಷ್ಟು ಗಟ್ಟಿಯಾದ ಕರಿಯ ಜಿಗುಟು, ಅದರೊಳಗೆ ಬಿಳಿಲೋಹದ ಮಿನುಗುವ ಚೂರುಗಳು, ಒಮ್ಮೊಮ್ಮೆ ಯಾವ ಕಾಲದಲ್ಲೋ ಬಿದ್ದ ವಾಶರು, ಜಾಲರಿಯ ಕಣ್ಣುಗಳಲ್ಲಿ ಅಂಟಿನ ತುಂಡುಗಳು ಕಾಣುತ್ತವೆ. ತಗಡಿನ ಚೂರಿನಿಂದ ಅದನ್ನು ಕೆರೆದು, ಡೀಸೆಲಿನಲ್ಲಿ ತೊಳೆದು, ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಪ್ಯಾಕಿಂಗಿಟ್ಟು ಮೇಲೇರಿಸಿದ ಬಳಿಕ ಹಾಕಿದ ಮೊದಲ ಎಣ್ಣೆಯನ್ನು ಬೇಗನೆ ಬಸಿದು, ಎರಡನೆಯ ಬಾರಿಯಿಂದ ಕ್ರಮದಂತೆ ನಡೆಯಬಹುದು.

ಎಣ್ಣೆಯಲ್ಲಿ ಸತು ಮತ್ತು ರಂಜಕಗಳ ಸಂಯುಕ್ತವೊಂದಿರುತ್ತದೆ. ವಾಲ್ವುಗಳ ಟ್ಯಾಪೆಟ್ಟು ಕ್ಯಾಮಿನ ಮೇಲೆ ಉಜ್ಜುವಲ್ಲಿ ಎಣ್ಣೆಯ ಪೊರೆ ಹರಿದಾಗಲೂ ಲೋಹವನ್ನು ಕಾಯುವುದು ಇದರ ಧರ್ಮ. ಟ್ರ್ಯಾಕ್ಟರಿಗೆ ಇದು ಬೇಕೇ ಬೇಕು. ಆದರೆ ಇದೇ ಹುಬ್ಬಳ್ಳಿಯ ರೈಲ್ವೆ ಡೀಸೆಲ್ ಶೆಡ್ಡಿನಲ್ಲಿ, ಶತಮಾನದ ತಿರುವಿನಿಂದ ನೆಲೆಗೊಂಡ ಅಮೆರಿಕದ ಇಎಂಡಿ ಮಾದರಿಯ ಲೋಕೋಮೋಟಿವುಗಳಿಗೆ ಸತುವಿಲ್ಲದ ಎಣ್ಣೆಯನ್ನೇ ಹಾಕಬೇಕು. ಏಕೆಂದರೆ ಆ ಎಂಜಿನ್ನುಗಳ ಪಿಸ್ಟನ್ ಪಿನ್ನಿನ ಬೇರಿಂಗುಗಳಿಗೆ ಬೆಳ್ಳಿಯ ಲೇಪವಿದ್ದು, ಸತುವಿನ ಆ ಸಂಯುಕ್ತ ಬೆಳ್ಳಿಯನ್ನು ಕೆಡಿಸುತ್ತದೆ. ಒಂದೇ ಊರಿನಲ್ಲಿ, ಎರಡು ಡೀಸೆಲ್ ಎಂಜಿನ್ನುಗಳಲ್ಲಿ, ಒಂದಕ್ಕೆ ರಕ್ಷಕವಾದುದು ಇನ್ನೊಂದಕ್ಕೆ ಮಾರಕ. ಎಲ್ಲಿಂದಲೋ ಅಗ್ಗಕ್ಕೆ ದೊರೆತ "ರೈಲ್ವೆ ಆಯಿಲ್" ಎಂದು ಹೇಳಿ ಯಾರಾದರೂ ಡಬ್ಬಿಯನ್ನು ಮುಂದಿಟ್ಟರೆ ಬೇಡವೆನ್ನುವುದಕ್ಕೆ ಇದೂ ಒಂದು ಕಾರಣ.

ಧೂಳಿನ ವಿಷಯವನ್ನು ಬಿಟ್ಟು ಎಣ್ಣೆಯ ವಿಚಾರ ನಮ್ಮ ಸೀಮೆಯಲ್ಲಿ ಪೂರ್ಣವಾಗದು. ಮುಂಗಾರಿಗೆ ಮುಂಚೆ ಎರೆಯನ್ನು ಹರಗುವಾಗ ಏಳುವ ನುಣುಪಾದ ಕರಿಯ ಧೂಳು ಟ್ರ್ಯಾಕ್ಟರನ್ನೂ ಅದರ ಸಾರಥಿಯನ್ನೂ ಮುಚ್ಚಿಬಿಡುತ್ತದೆ. ಅದರಲ್ಲಿ ಸ್ವಲ್ಪವೇ ಒಳನುಗ್ಗಿದರೂ ಲೈನರು ಮತ್ತು ರಿಂಗುಗಳ ನಡುವೆ ಅರೆಯುವ ಪುಡಿಯಾಗುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಸೋಸಲು ಕಾಗದದ ಫಿಲ್ಟರಿರುವುದಿಲ್ಲ. ಗಾಳಿಯು ಒಂದು ಬಟ್ಟಲಿನ ಎಣ್ಣೆಗೆ ಬಡಿದು, ಧೂಳನ್ನು ಅಲ್ಲಿ ಬಿಟ್ಟು, ತಂತಿಯ ಜಾಲದ ಮೂಲಕ ಎಂಜಿನ್ನಿಗೆ ಹೋಗುತ್ತದೆ. ಆ ಬಟ್ಟಲಿಗೆ ಎಂಜಿನ್ನಿಗೆ ಹಾಕುವ ಶುದ್ಧ ಎಣ್ಣೆಯನ್ನೇ ಗುರುತಿನವರೆಗೆ ಹಾಕಬೇಕು. ಬಸಿದ ಹಳೆಯ ಎಣ್ಣೆಯನ್ನು ಉಳಿತಾಯದ ದೃಷ್ಟಿಯಿಂದ ಹಾಕುವವರನ್ನು ಕಂಡು ನನಗೆ ಖೇದವಾಗುತ್ತದೆ. ಗುರುತು ಮೀರಿ ತುಂಬಿದರೆ ಎಣ್ಣೆಯೇ ಗಾಳಿಯೊಡನೆ ಒಳಸೇರಿ ಉರಿದು, ಎಂಜಿನ್ನು ಕೈಮೀರಿ ಓಡುವ ಅಪಾಯವುಂಟು. ಹರಗುವ ದಿನಗಳಲ್ಲಿ ಪ್ರತಿದಿನವೂ ಬಟ್ಟಲನ್ನು ಬಿಚ್ಚಿ ನೋಡಬೇಕು. ಹೊಗೆ ಹೆಚ್ಚಾದ, ಬ್ರೀದರಿನಿಂದ ಬ್ಯಾಕ್ ಕಂಪ್ರೆಷನ್ ಹೊಡೆಯುವ ಎಷ್ಟೋ ಎಂಜಿನ್ನುಗಳ ರೋಗದ ಮೂಲ ಈ ಅಲಕ್ಷಿತವಾದ ಬಟ್ಟಲಿನಲ್ಲಿರುತ್ತದೆ. ಅದಕ್ಕೆ ಲೈನರು, ಪಿಸ್ಟನ್ನು, ರಿಂಗುಗಳನ್ನು ಬದಲಿಸುವುದೊಂದೇ ಚಿಕಿತ್ಸೆ.

ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ ಸಂಸ್ಥೆಯ ಸಾಲುಪಂಪುಗಳುಳ್ಳ ಟ್ರ್ಯಾಕ್ಟರುಗಳಲ್ಲಿ ಕೆಲವಕ್ಕೆ ಡೀಸೆಲ್ ಪಂಪಿನ ಹೊಟ್ಟೆಯಲ್ಲಿಯೂ ಪ್ರತ್ಯೇಕವಾಗಿ ಎಂಜಿನ್ ಎಣ್ಣೆ ಇರುತ್ತದೆ. ಸವೆದ ಪಂಪಿನಿಂದ ಡೀಸೆಲ್ ಸೋರಿ ಅದರಲ್ಲಿ ಬೆರೆಯುವುದರಿಂದ ಅಲ್ಲಿಯ ಎಣ್ಣೆ ಮಟ್ಟ ಇಳಿಯುವ ಬದಲು ಏರುತ್ತದೆ. ಏರಿತೆಂದು ಸಂತೋಷಪಡದೆ ಬಸಿದು ಹೊಸದನ್ನು ಹಾಕಬೇಕು. ಎಂಜಿನ್ನಿನ ಗೇಜಿನ ಕಡ್ಡಿಯಲ್ಲಿಯೂ ಮಟ್ಟ ತಾನಾಗಿಯೇ ಏರಿದರೆ ಡೀಸೆಲ್ ಬೆರೆತಿದೆಯೆಂದು, ಕೆನೆಬಣ್ಣದ ನೊರೆ ಕಂಡರೆ ನೀರು ಸೇರಿದೆಯೆಂದು ತಿಳಿಯತಕ್ಕದ್ದು.

ಎಷ್ಟು ತಾಸಿಗೊಮ್ಮೆ ಬದಲಿಸಬೇಕೆಂಬುದಕ್ಕೆ ಕೈಪಿಡಿಯ ಲೆಕ್ಕವೇ ಪ್ರಮಾಣ. ಆದರೆ ಹಳೆಯ ಟ್ರ್ಯಾಕ್ಟರುಗಳ ತಾಸಿನ ಮೀಟರುಗಳು ಸಾಮಾನ್ಯವಾಗಿ ಎಂದೋ ನಿಂತುಹೋಗಿರುತ್ತವೆ. ಕಡಿಮೆ ದುಡಿಯುವ ಯಂತ್ರಕ್ಕೆ ವರ್ಷಕ್ಕೊಮ್ಮೆಯಾದರೂ, ಮುಂಗಾರಿನ ಕೆಲಸ ಆರಂಭವಾಗುವ ಮುನ್ನ ಬದಲಿಸುವುದು ಉಚಿತ; ನಿಂತೇ ಇದ್ದರೂ ಎಣ್ಣೆಯಲ್ಲಿ ತೇವ ಮತ್ತು ಆಮ್ಲಗಳು ಕೂಡುತ್ತವೆ. ಸ್ವಲ್ಪ ಹೊತ್ತು ಓಡಿಸಿ ಬಿಸಿಯಾದ ಮೇಲೆ ಬಸಿದರೆ ರಾಡಿಯೂ ಎಣ್ಣೆಯ ಜೊತೆಗೇ ಹೊರಬರುತ್ತದೆ. ಬಸಿದ ಎಣ್ಣೆಯನ್ನು ಚಕ್ಕಡಿಯ ಅಚ್ಚಿಗೂ ಬೇಲಿಗೂಟದ ಗೆದ್ದಲಿಗೂ ಬಳಿಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ. ಬರಿಗೈಯಿಂದ ಅದನ್ನು ಮುಟ್ಟುವುದು ಚರ್ಮಕ್ಕೆ ಕೆಟ್ಟದ್ದು, ಬಾವಿಯ ಹತ್ತಿರ ಚೆಲ್ಲುವುದು ನೀರಿಗೆ ಕೆಟ್ಟದ್ದು. ಕಾಯಿದೆಯು ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿದೆ. ಕ್ಯಾನಿನಲ್ಲಿ ಕೂಡಿಟ್ಟು, ಪರವಾನಗಿಯುಳ್ಳ ಮರುಬಳಕೆಯವರಿಗೆ ತಲುಪುವಂತೆ ಹುಬ್ಬಳ್ಳಿಯ ಗ್ಯಾರೇಜಿನವರ ಕೈಗೆ ಒಪ್ಪಿಸುವುದು ಸರಿಯಾದ ಮಾರ್ಗ. ಹೊಸ ಎಣ್ಣೆಯ ಡಬ್ಬಿಯನ್ನಾದರೂ ಮುಚ್ಚಳದ ಸೀಲು ನೋಡಿಯೇ ಕೊಳ್ಳಬೇಕು, ಖಾಲಿಯಾದ ಡಬ್ಬಿಯನ್ನು ರದ್ದಿಗೆ ಹಾಕುವ ಮೊದಲು ತೂತು ಮಾಡಬೇಕು. ಪ್ರಸಿದ್ಧ ಹೆಸರಿನ ಡಬ್ಬಿಗಳು ಬೇರೆ ಎಣ್ಣೆ ತುಂಬಿಕೊಂಡು ಮರಳಿ ಅಂಗಡಿ ಸೇರುವುದುಂಟು.

ಹೊಸ ಫಿಲ್ಟರನ್ನು ಕೂಡಿಸಿ, ಎಣ್ಣೆಯನ್ನು ಗೇಜಿನ ಮೇಲಣ ಗೆರೆಯವರೆಗೆ ಹಾಕಿದ ಕೂಡಲೇ ಎಂಜಿನ್ನನ್ನು ಚಾಲೂ ಮಾಡಬಾರದು. ಸ್ಟಾಪಿನ ಗುಂಡಿಯನ್ನು ಎಳೆದು ಹಿಡಿದು, ಡೀಸೆಲ್ ಹೋಗದಂತೆ ಮಾಡಿ, ಪ್ರೆಶರಿನ ಮುಳ್ಳು ಅಲುಗುವ ತನಕ ಸ್ಟಾರ್ಟರನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಆಮೇಲೆ ಗುಂಡಿ ಬಿಟ್ಟು ಚಾಲೂ ಮಾಡಿ, ಕೆಲವು ನಿಮಿಷ ನಿಧಾನಗತಿಯಲ್ಲಿ ಓಡಿಸಿ, ಫಿಲ್ಟರಿನ ಬುಡದಲ್ಲಿಯೂ ಡ್ರೇನ್ ಬೋಲ್ಟಿನಲ್ಲಿಯೂ ಜಿನುಗುತ್ತಿದೆಯೇ ಎಂದು ಬಗ್ಗಿ ನೋಡಿ, ನಿಲ್ಲಿಸಿದ ಹತ್ತು ನಿಮಿಷಗಳ ಬಳಿಕ ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ಮಟ್ಟವನ್ನು ಪರೀಕ್ಷಿಸಿ, ಫಿಲ್ಟರು ಕುಡಿದಷ್ಟನ್ನು ಮತ್ತೆ ತುಂಬಿದರೆ ಟ್ರ್ಯಾಕ್ಟರು ಹೊಲಕ್ಕೆ ಸಿದ್ಧ.